ಜೇನು ಯಾಕೆ ಕಡಿಮೆಯಾಗುತ್ತಿದೆ? ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ನಮ್ಮ ಅಡಿಕೆ ತೋಟದಲ್ಲಿ ಹದಿನೆಂಟು ವರ್ಷದಿಂದ ತುಡುವೆ ಜೇನು ಸಾಕುತ್ತಿದ್ದೇನೆ. ಮದುವೆ ಮನೆಯಲ್ಲಿ ಸಿಕ್ಕವರು, ಫೋನ್ ಮಾಡುವ ರೈತರು, ಶಾಲೆಗೆ ಹೋದಾಗ ಮಕ್ಕಳು, ಕಾಗದ ಬರೆಯುವ ನಿವೃತ್ತ ಮೇಷ್ಟ್ರುಗಳು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದಿದ್ದೇನೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ನಡೆಯುತ್ತದೆ.

## ಮೊದಲು ಕೇಳುವವು

ಜೇನು ಅಂದ್ರೆ ಎಲ್ಲಾ ಒಂದೇ ಅಲ್ವಾ? ನಮ್ಮಲ್ಲಿ ಎಷ್ಟು ಬಗೆ ಇವೆ?

ಒಂದೇ ಅಲ್ಲ. ಕರ್ನಾಟಕದಲ್ಲಿ ಜೇನುತುಪ್ಪ ಕೊಡುವ ನಾಡ ಜೇನು ನಾಲ್ಕು ಬಗೆ. ಹೆಜ್ಜೇನು ಎಲ್ಲಕ್ಕಿಂತ ದೊಡ್ಡದು. ಎತ್ತರದ ಮರ, ಬಂಡೆ, ನೀರಿನ ಟ್ಯಾಂಕಿನ ಕೆಳಗೆ ಒಂದೇ ಒಂದು ದೊಡ್ಡ ಎರಿ, ಅಂದರೆ ಮೇಣದ ಹಲ್ಲೆ, ಕಟ್ಟುತ್ತದೆ. ಇದನ್ನು ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ. ಕೋಲುಜೇನು ಪುಟ್ಟದು. ಪೊದೆಯೊಳಗಿನ ಕಡ್ಡಿಗೆ ಅಂಗೈ ಅಗಲದ ಎರಿ ಕಟ್ಟಿಕೊಂಡು ಇರುತ್ತದೆ. ತುಡುವೆ ಮರದ ಪೊಟರೆ, ಹುತ್ತ, ಹಳೇ ಗೋಡೆಯ ಒಳಗೆ ಕತ್ತಲಲ್ಲಿ ಸಾಲಾಗಿ ಹಲವು ಎರಿ ಕಟ್ಟುತ್ತದೆ. ಹಾಗಾಗಿಯೇ ಅದನ್ನು ಪೆಟ್ಟಿಗೆಗೆ ತರಲು ಸಾಧ್ಯವಾಯಿತು. ನಾಲ್ಕನೆಯದು ಮಿಸರಿ. ಕೆಲವು ಕಡೆ ಮುಜಂಟಿ, ನಸರು ಅಂತಲೂ ಕರೆಯುತ್ತಾರೆ. ಸೊಳ್ಳೆಯಷ್ಟೇ ಇರುವ ಕಪ್ಪು ಜೇನು ಇದು, ಚುಚ್ಚುವುದಿಲ್ಲ.

ಐದನೆಯದು ಹೊರಗಿನಿಂದ ಬಂದ ಯುರೋಪಿನ ಜೇನು. ನಮ್ಮ ಕಡೆ 'ಇಟಾಲಿಯನ್ ಜೇನು', 'ಮೆಲ್ಲಿಫೆರಾ' ಅನ್ನುತ್ತಾರೆ. 1960ರ ದಶಕದಲ್ಲಿ ಹಿಮಾಚಲ, ಪಂಜಾಬ್ ಕಡೆ ತಂದು ನೆಲೆಗೊಳಿಸಿದರು.

ಇವಿಷ್ಟೇ ಅಂದುಕೊಳ್ಳಬೇಡಿ. ಲೋಕದಲ್ಲಿ ಸುಮಾರು 20,000 ಜಾತಿಯ ಜೇನುಗಳಿವೆ, ಹೆಚ್ಚಿನವು ಒಂಟಿಯಾಗಿ ಬದುಕುವಂಥವು. ಗುಲಾಬಿ ಎಲೆಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ದುಂಡಗೆ ಕೊಯ್ದುಕೊಂಡು ಹೋಗುವುದು, ಒಣಮರಕ್ಕೆ ತೂತು ಕೊರೆಯುವ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವುದು, ಎಲ್ಲ ಇದೇ ಬಳಗ. ಟೊಮೆಟೊ, ಬದನೆ ಹೂವಿನ ಪರಾಗ ಉದುರಬೇಕಾದರೆ ಹೂವನ್ನು ಹಿಡಿದು ಗಡಗಡ ನಡುಗಿಸಬೇಕು. ತುಡುವೆಗೆ ಆ ಕೆಲಸ ಬರುವುದಿಲ್ಲ, ನೀಲಿ ಪಟ್ಟೆಯದಕ್ಕೂ ದುಂಬಿಗೂ ಬರುತ್ತದೆ. ತುಪ್ಪ ಕೊಡುವುದಿಲ್ಲವೆಂದು ನಾವು ಇವನ್ನು ಲೆಕ್ಕಕ್ಕೇ ಹಿಡಿದಿಲ್ಲ.

ನಿಜವಾಗ್ಲೂ ಕಡಿಮೆ ಆಗಿದೆಯಾ? ಕೆಲವರು ಜಾಸ್ತಿ ಆಗಿದೆ ಅಂತಾರಲ್ಲ?

ಎರಡೂ ಮಾತಿನಲ್ಲಿ ಸತ್ಯವಿದೆ, ಆದರೆ ಬೇರೆ ಬೇರೆ ಜೇನಿನ ಬಗ್ಗೆ. 1961ರಿಂದ 2008ರ ನಡುವೆ ಲೋಕದಲ್ಲಿ ಸಾಕುವ ಜೇನು ಪೆಟ್ಟಿಗೆಗಳು ಸುಮಾರು ಶೇ 45ರಷ್ಟು ಹೆಚ್ಚಾದವು. ಬಹುಪಾಲು ಯುರೋಪಿನ ಜೇನಿನವು. ಇನ್ನೊಂದು ಕಡೆ, ವಸ್ತುಸಂಗ್ರಹಾಲಯಗಳಲ್ಲಿ ಮತ್ತು ಬಯಲಿನಲ್ಲಿ ದಾಖಲಾದ ಎಲ್ಲ ಜಾತಿಯ ಜೇನುಗಳ ಲೆಕ್ಕ ತೆಗೆದ ಅಧ್ಯಯನವೊಂದು 2021ರಲ್ಲಿ ಬಂತು. 1990ಕ್ಕೆ ಮುಂಚೆ ಕಾಣುತ್ತಿದ್ದ ಜಾತಿಗಳಿಗೆ ಹೋಲಿಸಿದರೆ 2006ರಿಂದ 2015ರೊಳಗೆ ಕಂಡವು ಸುಮಾರು ಕಾಲು ಭಾಗ ಕಡಿಮೆ.

ಅಂದರೆ ಮನುಷ್ಯ ಪೆಟ್ಟಿಗೆಯಲ್ಲಿಟ್ಟು, ಸಕ್ಕರೆ ಪಾಕ ಕೊಟ್ಟು, ಮದ್ದು ಹಾಕಿ ನೋಡಿಕೊಳ್ಳುವ ಒಂದು ಜಾತಿ ಹೆಚ್ಚುತ್ತಿದೆ. ಯಾರೂ ನೋಡಿಕೊಳ್ಳದೆ ತಾವಾಗಿ ಬದುಕಬೇಕಾದವು ಕರಗುತ್ತಿವೆ. ನನಗೆ ಚಿಂತೆ ಇರುವುದು ಈ ಎರಡನೆಯವುಗಳ ಬಗ್ಗೆ.

ಜೇನು ನಾಶವಾದ್ರೆ ಮನುಷ್ಯ ನಾಲ್ಕೇ ವರ್ಷ ಬದುಕೋದು ಅಂತ ಐನ್‌ಸ್ಟೈನ್ ಹೇಳಿದ್ದಾರಂತೆ?

ಹೇಳಿಲ್ಲ. ಅವರ ಬರಹದಲ್ಲೂ ಮಾತಿನಲ್ಲೂ ಇದು ಎಲ್ಲೂ ಸಿಕ್ಕಿಲ್ಲ. ಅವರು ತೀರಿಕೊಂಡದ್ದು 1955ರಲ್ಲಿ. ಈ ಮಾತು ಜನರ ಬಾಯಿಗೆ ಬಿದ್ದದ್ದು 1994ರಲ್ಲಿ ಬ್ರಸೆಲ್ಸ್‌ನಲ್ಲಿ ಜೇನು ಕೃಷಿಕರು ಪ್ರತಿಭಟನೆ ಮಾಡಿದಾಗ ಹಂಚಿದ ಕರಪತ್ರದಿಂದ. ದಯವಿಟ್ಟು ಶಾಲೆಯ ಗೋಡೆಗಳಿಂದ ಇದನ್ನು ಅಳಿಸಿ. ಜೇನಿನ ಪರವಾಗಿ ಹೇಳಲು ನಿಜವಾದ ಮಾತುಗಳೇ ಬೇಕಾದಷ್ಟಿವೆ.

ಹಾಗಾದ್ರೆ ಜೇನು ಇಲ್ಲದಿದ್ರೆ ನಮ್ಮ ಊಟಕ್ಕೆ ಏನಾಗುತ್ತೆ?

ಅನ್ನ, ಮುದ್ದೆ, ರೊಟ್ಟಿ ಇರುತ್ತವೆ. ಭತ್ತ, ರಾಗಿ, ಜೋಳ, ಗೋಧಿಗೆ ಜೇನು ಬೇಕಾಗಿಲ್ಲ, ಗಾಳಿ ಸಾಕು ಅಥವಾ ಹೂವು ತನ್ನಷ್ಟಕ್ಕೇ ಕಟ್ಟುತ್ತದೆ. ಆದರೆ ತಟ್ಟೆಯ ಉಳಿದ ಭಾಗ ಬಡವಾಗುತ್ತದೆ. 2016ರಲ್ಲಿ ವಿಶ್ವಸಂಸ್ಥೆಯ ಬೆಂಬಲದ ಐಪಿಬಿಇಎಸ್ ಎಂಬ ಜೀವವೈವಿಧ್ಯ ಸಂಸ್ಥೆ ಹೇಳಿದ ಲೆಕ್ಕ ಹೀಗಿದೆ: ಲೋಕದ ಮುಖ್ಯ ಆಹಾರ ಬೆಳೆಗಳಲ್ಲಿ ಮುಕ್ಕಾಲು ಪಾಲು ಜಾತಿಗಳು ಸ್ವಲ್ಪವಾದರೂ ಜೇನು, ದುಂಬಿ, ಚಿಟ್ಟೆ, ಬಾವಲಿಯಂಥವುಗಳ ಪರಾಗಸ್ಪರ್ಶವನ್ನು ನಂಬಿವೆ. ತೂಕದಲ್ಲಿ ನೋಡಿದರೆ ಅದು ಬೆಳೆಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು.

ನಿಮ್ಮ ಹಿತ್ತಿಲಲ್ಲೇ ಇದನ್ನು ನೋಡಬಹುದು. ಕುಂಬಳದ ಹೆಣ್ಣು ಹೂವು ಬೆಳಕು ಹರಿಯುವಾಗ ಅರಳುತ್ತದೆ. ಅದರ ಬುಡದಲ್ಲಿ ಗೋಲಿಯಷ್ಟು ಮಿಡಿ ಇರುತ್ತದೆ. ಮಧ್ಯಾಹ್ನದೊಳಗೆ ಹೂವು ಮುದುಡಿ ಹೋಗುತ್ತದೆ. ಆ ಕೆಲವೇ ತಾಸಿನಲ್ಲಿ ಗಂಡು ಹೂವಿನ ಪರಾಗ ಅಂಟಿಸಿಕೊಂಡ ಜೇನು ಬಂದರೆ ಮಿಡಿ ಹಸಿರಾಗಿ ಊದಿಕೊಳ್ಳುತ್ತದೆ. ಬರದಿದ್ದರೆ ಮೂರ್ನಾಲ್ಕು ದಿನದಲ್ಲಿ ಹಳದಿಯಾಗಿ, ತುದಿಯಿಂದ ಕೊಳೆತು ಉದುರುತ್ತದೆ. 'ಗೊಬ್ಬರ ಸಾಲಲಿಲ್ಲ' ಅಂತ ನಾವು ಬುಡಕ್ಕೆ ಇನ್ನೊಂದು ಬುಟ್ಟಿ ಗೊಬ್ಬರ ಹಾಕುತ್ತೇವೆ. ಸೌತೆ, ಹಾಗಲ, ಕಲ್ಲಂಗಡಿಯ ಕಥೆಯೂ ಇದೇ.

ಸೂರ್ಯಕಾಂತಿ ಬೆಳೆಯುವ ಕಡೆ ಜೇನು ಸಾಲದಿದ್ದಾಗ ಬೆಳಗಿನ ಹೊತ್ತು ಕೈಗೆ ಮೆತ್ತನೆ ಬಟ್ಟೆ ಸುತ್ತಿಕೊಂಡು ಒಂದೊಂದೇ ಹೂವನ್ನು ಸವರುತ್ತಾ ಹೋಗಬೇಕು. ಇಲ್ಲದಿದ್ದರೆ ಕಾಳು ಜೊಳ್ಳು. ಚೀನಾದ ಸಿಚುವಾನ್ ಪ್ರಾಂತ್ಯದ ಹಾನ್‌ಯುವಾನ್‌ನಲ್ಲಿ ಜನ ಪಿಯರ್ ಮರ ಹತ್ತಿ, ಕೋಲಿಗೆ ಕಟ್ಟಿದ ಪುಕ್ಕದಿಂದ ಹೂವಿಗೆ ಪರಾಗ ಹಚ್ಚುತ್ತಾರೆ. ಜೇನು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಕೂಲಿ ಕೊಡಬೇಕಾದಾಗ ಅದರ ಬೆಲೆ ಗೊತ್ತಾಗುತ್ತದೆ.

## ಮನೆ, ಹಿತ್ತಿಲು, ಅಪಾರ್ಟ್‌ಮೆಂಟ್

ನಮ್ಮ ಅಪಾರ್ಟ್‌ಮೆಂಟ್‌ನ ಐದನೇ ಮಹಡಿಗೆ ಹೆಜ್ಜೇನು ಕಟ್ಟಿದೆ. ಮಕ್ಕಳಿದ್ದಾರೆ, ಭಯ ಆಗ್ತಿದೆ. ಔಷಧಿ ಹೊಡೆಸೋದಾ?

ನಿಮ್ಮ ಭಯ ಅರ್ಥವಾಗುತ್ತದೆ. ಹೆಜ್ಜೇನು ಕೆರಳಿದರೆ ಹುಡುಗಾಟವಲ್ಲ. ಆದರೂ ಔಷಧಿ ಹೊಡೆಸುವ ಮುಂಚೆ ಎರಡು ಮಾತು ಕೇಳಿ.

ಮೊದಲನೆಯದು, ಅವು ಖಾಯಂ ಬಾಡಿಗೆದಾರರಲ್ಲ. ಹೆಜ್ಜೇನು ಊರೂರು ತಿರುಗುವ ಜೇನು. ಸುತ್ತಲಿನ ಹೂವು ಮುಗಿದ ಮೇಲೆ ಖಾಲಿ ಎರಿ ಬಿಟ್ಟು ತಾನೇ ಹೊರಟುಹೋಗುತ್ತದೆ. ಕೈಗೆ ಸಿಗದ ಎತ್ತರದಲ್ಲಿದ್ದರೆ, ಯಾರೂ ತಂಟೆ ಮಾಡದಿದ್ದರೆ, ಆ ಕೆಲವು ತಿಂಗಳು ಕಿಟಕಿಗೆ ಜಾಲರಿ ಹಾಕಿಕೊಂಡು ಸುಮ್ನೆ ಇರಬಹುದು. ಬಹುದೂರ ಹೋಗಿ ಬಂದು ಅದೇ ಕೊಂಬೆಗೆ ಅದೇ ರಾಣಿಯ ಕುಟುಂಬ ಮರಳುವುದನ್ನು ವಿಜ್ಞಾನಿಗಳು ತೋರಿಸಿದ್ದಾರೆ. ಹಾಗಾಗಿ ಒಮ್ಮೆ ಕಟ್ಟಿದ ಜಾಗಕ್ಕೆ ಮುಂದಿನ ವರ್ಷವೂ ಬರಬಹುದು. ಬೇಡವಾದರೆ ಅವು ಹೋದ ಮೇಲೆ ಮೇಣದ ಗುರುತನ್ನು ಕೆರೆದು ತೆಗೆದು, ಆ ಅಂಚಿಗೆ ಬಲೆ ಕಟ್ಟಿಸಿ. ಇದು ಕೊಲ್ಲುವುದಕ್ಕಿಂತ ಅಗ್ಗ.

ಎರಡನೆಯದು, ಔಷಧಿ ಹೊಡೆದ ದಿನವೇ ಎಲ್ಲಕ್ಕಿಂತ ಅಪಾಯದ ದಿನ. ಸಾಯುತ್ತಾ ಕೆರಳಿದ ಸಾವಿರಾರು ಜೇನು ಕೆಳಗಿರುವ ಕಾವಲುಗಾರನ ಮೇಲೆ, ಹಾಲು ಹಾಕಲು ಬಂದವನ ಮೇಲೆ ಬೀಳುತ್ತವೆ. ಶಾಲೆ, ಆಸ್ಪತ್ರೆ, ಮೆಟ್ಟಿಲ ಪಕ್ಕ ಇದ್ದು ತೆಗೆಯಲೇಬೇಕಾದರೆ ಕೊಲ್ಲದೆ ಎಬ್ಬಿಸುವವರನ್ನು ಹುಡುಕಿ.

ಅಕಸ್ಮಾತ್ ಅಟ್ಟಿಸಿಕೊಂಡು ಬಂದರೆ ಕೈ ಬೀಸಬೇಡಿ. ಮುಖ ಮುಚ್ಚಿಕೊಂಡು ಓಡಿ, ಮನೆಯೊಳಗೋ ಕಾರಿನೊಳಗೋ ಸೇರಿ ಬಾಗಿಲು ಹಾಕಿ. ನೀರಿಗೆ ಹಾರಬೇಡಿ, ತಲೆ ಮೇಲೆತ್ತುವುದನ್ನೇ ಅವು ಕಾಯುತ್ತವೆ. ಚುಚ್ಚಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಬರುತ್ತದೆ. ಅದು 'ಇಲ್ಲೇ ಚುಚ್ಚಿ' ಅಂತ ಬೇರೆ ಜೇನುಗಳಿಗೆ ಕೊಡುವ ಸೂಚನೆ. ಮುಳ್ಳನ್ನು ಉಗುರಿನಿಂದ ಬೇಗ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತುಂಬ ಕಡೆ ಚುಚ್ಚಿದ್ದರೆ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ರಾತ್ರಿ ಬಾಲ್ಕನಿ ಲೈಟ್‌ಗೆ ಜೇನು ಬಂದು ಬೀಳುತ್ತವೆ. ಬೆಳಗ್ಗೆ ನೋಡಿದ್ರೆ ಸತ್ತಿರುತ್ತವೆ. ಏನೋ ಕಾಯಿಲೆನಾ?

ಕಾಯಿಲೆಯಲ್ಲ, ನಿಮ್ಮ ಲೈಟು. ಹೆಜ್ಜೇನು ಬೆಳದಿಂಗಳಲ್ಲೂ ಮುಂಜಾವದಲ್ಲೂ ಹೂವಿಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಜೋರು ಬೆಳಕು ಕಂಡರೆ ದಾರಿ ತಪ್ಪಿ ಅದನ್ನೇ ಸುತ್ತುತ್ತಾ ಸುಸ್ತಾಗಿ ಬಿದ್ದು ಸಾಯುತ್ತದೆ. ಲೈಟ್ ಆರಿಸಿ, ಪರದೆ ಎಳೆಯಿರಿ. ಬಿದ್ದಿರುವುದನ್ನು ಬರಿಗೈಲಿ ಮುಟ್ಟಬೇಡಿ, ಸತ್ತಂತಿದ್ದರೂ ಮುಳ್ಳು ಚುಚ್ಚುತ್ತದೆ.

ಬೇಸಿಗೆಯಲ್ಲಿ ಜೇನಿಗೆ ಸಕ್ಕರೆ ನೀರು ಇಡಬಹುದಾ?

ಸಕ್ಕರೆ ಬೇಡ, ನೀರು ಸಾಕು. ತೆರೆದ ತಟ್ಟೆಯಲ್ಲಿ ಸಕ್ಕರೆ ಪಾಕ ಇಟ್ಟರೆ ಬೇರೆ ಬೇರೆ ಕುಟುಂಬಗಳು ಮುತ್ತಿಕೊಂಡು ಕಚ್ಚಾಡುತ್ತವೆ, ರೋಗವೂ ಹರಡುತ್ತದೆ. ನೀರು ಮಾತ್ರ ನಿಜವಾಗಿ ಬೇಕು. ಮರಿಗಳಿರುವ ಎರಿಯ ಬಿಸಿ 33ರಿಂದ 36 ಡಿಗ್ರಿಯೊಳಗೇ ಇರಬೇಕು. ಏಪ್ರಿಲ್ ಬಿಸಿಲಿನಲ್ಲಿ ಜೇನುಗಳು ನೀರು ಹೊತ್ತು ತಂದು ಎರಿಗೆ ಸವರಿ, ರೆಕ್ಕೆ ಬೀಸಿ ತಂಪು ಮಾಡುತ್ತವೆ. ಅಗಲ ಮಡಕೆ ಮುಚ್ಚಳದಲ್ಲಿ ಬೆಣಚುಕಲ್ಲು ಹಾಕಿ ಕಲ್ಲಿನ ಅರ್ಧದವರೆಗೆ ನೀರು ಬಿಡಿ. ಕಾಲೂರಲು ಜಾಗವಿಲ್ಲದಿದ್ದರೆ ಮುಳುಗಿ ಸಾಯುತ್ತವೆ.

ಮುಳುಗುವ ಮಾತು ಬಂತು, ಹಾಗಾಗಿ ಇದನ್ನೂ ಹೇಳುತ್ತೇನೆ. ಕಾಫಿ, ಜ್ಯೂಸ್ ಕುಡಿದ ಪೇಪರ್ ಲೋಟದ ತಳದಲ್ಲಿ ಉಳಿಯುವ ಸಿಹಿಗೆ ಜೇನು ಇಳಿಯುತ್ತದೆ, ಮೇಲೆ ಬರಲಾಗುವುದಿಲ್ಲ. ತಮಿಳುನಾಡಿನ ಕಾಫಿ ಅಂಗಡಿಗಳ ಕಸದ ಬುಟ್ಟಿ ಎಣಿಸಿದ ಸಂಶೋಧಕರಿಗೆ ಒಂದು ಅಂಗಡಿಯಲ್ಲೇ ದಿನಕ್ಕೆ ನೂರಕ್ಕೂ ಹೆಚ್ಚು ಸತ್ತ ಜೇನು ಸಿಕ್ಕವು. ಲೋಟ ಎಸೆಯುವ ಮುಂಚೆ ಮಡಚಿಬಿಡಿ. ಸ್ಟೀಲ್ ಲೋಟದಲ್ಲಿ ಕುಡಿದರೆ ಇನ್ನೂ ಒಳ್ಳೆಯದು.

ಮೊಬೈಲ್ ಟವರ್‌ನಿಂದ ಜೇನು ಸಾಯುತ್ತಿವೆ ಅಂತಾರೆ, ಹೌದಾ?

ಪೆಟ್ಟಿಗೆಯೊಳಗೇ ಫೋನ್ ಇಟ್ಟು ಮಾಡಿದ ಕೆಲವು ಸಣ್ಣ ಪ್ರಯೋಗಗಳು ಸುದ್ದಿಯಾದವು. ಟವರ್‌ನಿಂದಲೇ ಕುಟುಂಬಗಳು ಖಾಲಿಯಾಗುತ್ತವೆ ಅಂತ ಹೇಳಲು ಅಷ್ಟು ಸಾಲದು. ಟವರ್ ಕೆಳಗೇ ಚೆನ್ನಾಗಿರುವ ಪೆಟ್ಟಿಗೆಗಳನ್ನೂ, ಸಿಗ್ನಲ್ಲೇ ಇಲ್ಲದ ಊರಿನಲ್ಲಿ ಖಾಲಿಯಾದ ಪೆಟ್ಟಿಗೆಗಳನ್ನೂ ನೋಡಿದ್ದೇನೆ. ಟವರ್ ಕಡೆ ಬೆರಳು ತೋರಿಸುವುದು ಸುಲಭ, ಅದು ನಮ್ಮ ಹೊಲದಲ್ಲಿ ಇಲ್ಲವಲ್ಲ.

## ಯಾಕೆ ಹೀಗಾಯಿತು

ಹತ್ತಾರು ಕಾರಣ ಹೇಳ್ತೀರಿ. ಮುಖ್ಯ ಕಾರಣ ಒಂದೇ ಹೇಳಿ ಅಂದ್ರೆ ಯಾವುದು?

ಹಸಿವು.

ನಮ್ಮ ಕಡೆ ಜನವರಿಯಿಂದ ಮೇ ತನಕ ಜೇನಿಗೆ ಹಬ್ಬ. ಕಾಡುಮರಗಳು, ನೇರಳೆ, ಅಂಟುವಾಳ ಒಂದರ ಹಿಂದೆ ಒಂದು ಹೂ ಬಿಡುತ್ತವೆ. ಜೂನ್ ಬಂತೆಂದರೆ ಬರಗಾಲ. ಜುಲೈಯಲ್ಲಿ ಸೋನೆ ಸ್ವಲ್ಪ ಬಿಟ್ಟ ಹೊತ್ತು ನೋಡಿಕೊಂಡು ಪೆಟ್ಟಿಗೆ ತೆರೆದರೆ ಎರಿ ಎತ್ತುವಾಗಲೇ ಗೊತ್ತಾಗುತ್ತದೆ, ತೂಕವೇ ಇರುವುದಿಲ್ಲ. ರಾಣಿ ಮೊಟ್ಟೆ ಇಡುವುದು ನಿಲ್ಲಿಸಿರುತ್ತದೆ. ಇನ್ನೂ ಕಷ್ಟವಾದರೆ ಕೆಲಸಗಾರ ಜೇನುಗಳು ತಮ್ಮ ಮರಿಗಳನ್ನೇ ತಿನ್ನುತ್ತವೆ. ಆಮೇಲೆ ಒಂದು ಬೆಳಗ್ಗೆ ಪೆಟ್ಟಿಗೆ ಖಾಲಿ.

ಬರಗಾಲ ಹಿಂದೆಯೂ ಇತ್ತು. ಆದರೆ ಆಗ ಕೈ ಹಿಡಿಯಲು ಬೇಲಿ ಇತ್ತು, ಬದು ಇತ್ತು, ಹುಲ್ಲು ಬೆಳೆಯುವ ಬ್ಯಾಣ ಇತ್ತು. ಗದ್ದೆ ಅಂಚಿನ ತುಂಬೆ, ನಾಚಿಕೆ ಮುಳ್ಳು, ಉತ್ತರಣೆ, ಹೆಸರಿಲ್ಲದ ನೂರು ಸಣ್ಣ ಹೂವುಗಳು. ಈಗ ಬೇಲಿಗೆ ತಂತಿ ಬಂತು. ಬದುವಿಗೆ ಕಳೆನಾಶಕ ಬಂತು. ನಾವು 'ಕಳೆ' ಅಂದದ್ದು ಜೇನಿಗೆ ಮಳೆಗಾಲದ ಗಂಜಿಯಾಗಿತ್ತು.

ಬಯಲುಸೀಮೆಯವರು ಇದನ್ನು ಇನ್ನೂ ಚೆನ್ನಾಗಿ ಬಲ್ಲರು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು. ರಾಗಿಯಿಂದ ಜೇನಿಗೆ ಹೆಚ್ಚೇನೂ ಸಿಗುವುದಿಲ್ಲ, ಆದರೆ ಆ ಸಾಲುಗಳು ಒಂದಾದ ಮೇಲೊಂದು ಹೂ ಬಿಟ್ಟು ಮಳೆ ಮುಗಿಯುವ ಕಾಲದಿಂದ ಚಳಿಗಾಲದವರೆಗೆ ಜೇನನ್ನು ಸಾಕುತ್ತಿದ್ದವು. ಹುಚ್ಚೆಳ್ಳಿನ ಹಳದಿ ಹೂವಿನ ಸಾಲಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ನಿಂತರೆ ಇಡೀ ಹೊಲ ಗುಂಯ್ ಅನ್ನುತ್ತಿತ್ತು. ಈಗ ಎಷ್ಟೋ ಕಡೆ ರಾಗಿಯ ಜಾಗದಲ್ಲಿ ಬರೀ ಮುಸುಕಿನ ಜೋಳ, ಶುಂಠಿ, ಅಡಿಕೆ, ನೀಲಗಿರಿ. ಒಂದೇ ಬೆಳೆ ಅಂದರೆ ಹದಿನೈದು ದಿನ ಊಟ, ಉಳಿದ ದಿನ ಉಪವಾಸ. ಜೋಳದಲ್ಲಿ ಪರಾಗ ಸಿಗಬಹುದು, ಮಕರಂದ ಒಂದು ಹನಿಯೂ ಇಲ್ಲ.

ವಿಷ, ರೋಗ, ಬಿಸಿಲು ಎಲ್ಲವೂ ನಿಜ. ಆದರೆ ಹೊಟ್ಟೆ ತುಂಬಿದ ಕುಟುಂಬ ಅವನ್ನು ಸ್ವಲ್ಪವಾದರೂ ತಡೆದುಕೊಳ್ಳುತ್ತದೆ, ಹಸಿದದ್ದು ತಡೆಯುವುದಿಲ್ಲ. ಅದಕ್ಕೇ ಹಸಿವನ್ನು ಮೊದಲು ಹೇಳುವುದು.

ಔಷಧಿ ಹೊಡೆಯದಿದ್ರೆ ಬೆಳೆ ಕೈಗೆ ಬರಲ್ಲ. ರೈತ ಏನು ಮಾಡಬೇಕು?

ನಾನೂ ರೈತನೇ. ಹೊಡೆಯಲೇಬೇಡಿ ಅಂತ ಹೇಳುವಷ್ಟು ಸುಲಭವಲ್ಲ ಅಂತ ಗೊತ್ತು. ಯಾವಾಗ ಹೊಡೆಯುತ್ತೀರಿ ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಆರು ವರ್ಷದ ಹಿಂದೆ ಪಕ್ಕದ ತೋಟದವರು ಮಾವು ಪೂರ್ತಿ ಹೂವಾಗಿದ್ದಾಗ ಜಿಗಿಹುಳಕ್ಕೆ ಅಂತ ಬೆಳಗ್ಗೆ ಒಂಬತ್ತು ಗಂಟೆಗೆ ಸಿಂಪಡಿಸಿದರು. ಮಧ್ಯಾಹ್ನ ನಮ್ಮ ಪೆಟ್ಟಿಗೆಗಳ ಬಾಗಿಲಲ್ಲಿ ಜೇನುಗಳು ಬೆನ್ನಡಿಯಾಗಿ ಬಿದ್ದು ಬುಗುರಿಯ ಹಾಗೆ ಸುತ್ತುತ್ತಿದ್ದವು. ನಾಲಿಗೆ ಹೊರಗೆ ಚಾಚಿಕೊಂಡು ಸತ್ತಿದ್ದವು. ಐದರಲ್ಲಿ ಎರಡು ಕುಟುಂಬ ಮುಗಿದವು. ಅವರ ಮನೆಗೆ ಹೋದೆ. ಜಗಳಕ್ಕೆ ಅಂತಲೇ ಹೋದದ್ದು ನಿಜ. ಆದರೆ ಅವರಿಗೆ ಗೊತ್ತೇ ಇರಲಿಲ್ಲ, 'ಅಂಗಡಿಯವರು ಕೊಟ್ಟರು, ಹೊಡೆದೆ' ಅಂದರು. ಮರುವರ್ಷದಿಂದ ಹೂ ಬಿಡುವ ಮುಂಚೆ ಒಮ್ಮೆ, ಆಮೇಲೆ ಬೇಕೇಬೇಕಾದರೆ ಸಂಜೆ ಆರರ ನಂತರ, ಹಿಂದಿನ ದಿನವೇ ನಮಗೆ ಹೇಳಿ ಹೊಡೆಯುತ್ತಾರೆ. ನಾನು ಬಾಗಿಲಿಗೆ ಜಾಲರಿ ಹಾಕಿ ಮರುದಿನ ತೆಗೆಯುತ್ತೇನೆ. ಇಷ್ಟರಲ್ಲೇ ಎಷ್ಟೋ ಉಳಿಯಿತು.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ ಮೋಸ ಹೋಗಬೇಡಿ. ಕೆಂಪು, ಹಳದಿ, ನೀಲಿ, ಹಸಿರು ಹೇಳುವುದು ಅದು ಮನುಷ್ಯನಂಥ ಪ್ರಾಣಿಗೆ ಎಷ್ಟು ವಿಷ ಅಂತ. ಹಸಿರು ಇದ್ದ ಮಾತ್ರಕ್ಕೆ ಜೇನಿಗೆ ಸುರಕ್ಷಿತವಲ್ಲ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೆಲವೇ ನ್ಯಾನೋಗ್ರಾಂ ಹೊಟ್ಟೆಗೆ ಹೋದರೂ ಜೇನನ್ನು ಕೊಲ್ಲಬಲ್ಲದು. ಒಂದು ಗ್ರಾಮಿನಲ್ಲಿ ನೂರು ಕೋಟಿ ನ್ಯಾನೋಗ್ರಾಂ! ಕೊಲ್ಲದಷ್ಟು ಕಡಿಮೆಯಿದ್ದರೂ ಮನೆ ದಾರಿ ಮರೆಸುತ್ತದೆ. ಇದು, ಕ್ಲೋಥಿಯಾನಿಡಿನ್, ಥಯಾಮೆಥಾಕ್ಸಾಮ್ ಮೂರನ್ನೂ ಹೊರಗಿನ ಹೊಲಗಳಲ್ಲಿ ಬಳಸದಂತೆ ಯುರೋಪಿಯನ್ ಒಕ್ಕೂಟ 2018ರಲ್ಲಿ ತಡೆಯಿತು. ನಮ್ಮಲ್ಲಿ ಬೀಜಕ್ಕೇ ಲೇಪಿಸಿ ಮಾರುತ್ತಾರೆ, ಗಿಡ ಬೆಳೆದ ಮೇಲೆ ಹೂವಿನ ಮಕರಂದಕ್ಕೂ ಬರುತ್ತದೆ. ವಿಷಕ್ಕೆ ನಾವು 'ಔಷಧಿ', 'ಮದ್ದು' ಅಂತ ಹೆಸರಿಟ್ಟಿದ್ದೇವೆ. ಆ ಹೆಸರೇ ನಮ್ಮ ಎಚ್ಚರವನ್ನು ಕಡಿಮೆ ಮಾಡುತ್ತದೆ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಅಜ್ಜನ ಮನೆಯಲ್ಲಿ ಐವತ್ತು ಪೆಟ್ಟಿಗೆ ಇತ್ತಂತೆ, ಒಂದೇ ವರ್ಷದಲ್ಲಿ ಎಲ್ಲ ಹೋಯ್ತಂತೆ. ಏನಾಗಿತ್ತು?

ಥಾಯ್ ಸ್ಯಾಕ್‌ಬ್ರೂಡ್. ತುಡುವೆಯ ಮರಿಗಳಿಗೆ ಬರುವ ವೈರಸ್ ರೋಗ. ಥಾಯ್ಲೆಂಡಿನಲ್ಲಿ 1976ರಲ್ಲಿ ಕಂಡಿತು, ಎರಡು ವರ್ಷದಲ್ಲಿ ಮೇಘಾಲಯಕ್ಕೆ ಬಂತು. 1991–92ರಲ್ಲಿ ಕೇರಳ, ಕರ್ನಾಟಕ, ತಮಿಳುನಾಡಿನಲ್ಲಿ ಹಬ್ಬಿ ಸಾಕಿದ ತುಡುವೆ ಕುಟುಂಬಗಳಲ್ಲಿ ಶೇ 90ಕ್ಕಿಂತ ಹೆಚ್ಚು ನಾಶವಾದವು. ಕೊಡಗಿನ ತುಪ್ಪ ಅಂದರೆ ದೇಶಕ್ಕೇ ಹೆಸರಾಗಿತ್ತು. ಸ್ವಾತಂತ್ರ್ಯಕ್ಕೆ ಮುಂಚೆಯೇ ವಿರಾಜಪೇಟೆಯಲ್ಲಿ ಜೇನು ಕೃಷಿಕರ ಸಹಕಾರ ಸಂಘ ಇತ್ತು. ಆ ಪೆಟ್ಟು ಬಿದ್ದ ಮೇಲೆ ಮೊದಲಿನಂತೆ ಏಳಲೇ ಇಲ್ಲ. ನಮ್ಮ ದೊಡ್ಡಪ್ಪನ ಮನೆಯ ಅಟ್ಟದಲ್ಲಿ ನಾನು ಚಿಕ್ಕಂದಿನಲ್ಲಿ ಕಂಡದ್ದು ಒಂದರ ಮೇಲೊಂದು ಪೇರಿಸಿದ ಖಾಲಿ ಪೆಟ್ಟಿಗೆಗಳು. ಮೂಸಿದರೆ ಮೇಣದ ವಾಸನೆ ಇನ್ನೂ ಇತ್ತು.

ರೋಗ ಹೀಗೆ ಕಾಣುತ್ತದೆ: ಮುಚ್ಚಬೇಕಾದ ಕೋಶ ಮುಚ್ಚಿರುವುದಿಲ್ಲ. ಒಳಗೆ ಮರಿ ತಲೆ ಮೇಲೆತ್ತಿ ನೆಟ್ಟಗೆ ಮಲಗಿರುತ್ತದೆ. ಚಿಮುಟದಲ್ಲಿ ಎತ್ತಿದರೆ ನೀರು ತುಂಬಿದ ಪುಟ್ಟ ಚೀಲದ ಹಾಗೆ ಜೋತುಬೀಳುತ್ತದೆ. ಇದಕ್ಕೆ ಮದ್ದಿಲ್ಲ. ಕೆಲವು ದಿನ ರಾಣಿಯನ್ನು ಬೇರೆ ಇಟ್ಟು ಮೊಟ್ಟೆ ನಿಲ್ಲಿಸಿದರೆ ರೋಗದ ಸರಪಳಿ ಕಡಿಯಬಹುದು. ರೋಗ ತಡೆದು ಉಳಿದ ಕುಟುಂಬವನ್ನೇ ಪಾಲು ಮಾಡಿ ಹೊಸ ಪೆಟ್ಟಿಗೆ ತುಂಬಬೇಕು. ರೋಗ ತಂದದ್ದು ವೈರಸ್, ಊರಿಂದೂರಿಗೆ ಹೊತ್ತದ್ದು ನಾವು. ಎಲ್ಲಿಂದಲೋ ಪೆಟ್ಟಿಗೆ ಕೊಂಡುತರುವವರು ಇದನ್ನು ಈಗಲೂ ಮರೆಯಬಾರದು.

ಅಮೆರಿಕದಲ್ಲಿ ಜೇನು ಇದ್ದಕ್ಕಿದ್ದಂತೆ ಮಾಯವಾದವಂತಲ್ಲ, ಅದೇ ಇಲ್ಲೂ ಆಗ್ತಿದೆಯಾ?

ಅದು ಬೇರೆ. 2006–07ರ ಚಳಿಗಾಲದಲ್ಲಿ ಅಲ್ಲಿ ಕಂಡದ್ದು ಹೀಗೆ: ರಾಣಿ ಇದೆ, ಮರಿ ಇದೆ, ತುಪ್ಪ ಇದೆ, ಕೆಲಸಗಾರ ಜೇನುಗಳೇ ಇಲ್ಲ. ಕಾರಣ ಒಂದೇ ಅಲ್ಲ, ಆದರೆ ದೊಡ್ಡ ಪಾಲು ಜೇನಿನ ಮೈಗೆ ಅಂಟುವ ವರೋವಾ ಎಂಬ ಉಣ್ಣೆಹುಳದ್ದು ಮತ್ತು ಅದು ಹರಡುವ ವೈರಸ್‌ಗಳದ್ದು. ವರೋವಾದ ಮೂಲ ಮನೆ ನಮ್ಮ ಏಷ್ಯಾದ ತುಡುವೆಯೇ. ತುಡುವೆ ಅದನ್ನು ಮೈಯಿಂದ ಕಿತ್ತು ಹಾಕುತ್ತದೆ. ತುಡುವೆಯ ಎರಿಯಲ್ಲಿ ಆ ಉಣ್ಣೆಗೆ ಹೆಚ್ಚಾಗಿ ಗಂಡು ಜೇನಿನ ಕೋಶದಲ್ಲಿ ಮಾತ್ರ ಸಂಸಾರ ಮಾಡಲು ಸಾಧ್ಯ. ಲಕ್ಷಾಂತರ ವರ್ಷದ ಆ ಹೊಂದಾಣಿಕೆ ಯುರೋಪಿನ ಜೇನಿಗೆ ಇರಲಿಲ್ಲ. ಮನುಷ್ಯ ಎರಡನ್ನೂ ಪಕ್ಕಪಕ್ಕ ತಂದಿಟ್ಟ, ಉಣ್ಣೆ ಹಾರಿತು. 1987ರಲ್ಲಿ ಅಮೆರಿಕ ಮುಟ್ಟಿತು, 2022ರಲ್ಲಿ ಆಸ್ಟ್ರೇಲಿಯಾ.

ಬೆಂಗಳೂರಿನ ಹೊಗೆಗೂ ಜೇನಿಗೂ 
ಸಂಬಂಧ ಇದೆಯಾ?

ಇದೆ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ನಗರದ ಬೇರೆ ಬೇರೆ ಜಾಗಗಳಲ್ಲಿ ಹೆಜ್ಜೇನು ಹಿಡಿದು ನಾಲ್ಕು ವರ್ಷ ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಹೊಗೆ ಹೆಚ್ಚಿದ್ದ ಜಾಗಗಳಿಂದ ತಂದ ಜೇನುಗಳಲ್ಲಿ ಶೇ 80ಕ್ಕಿಂತ ಹೆಚ್ಚು 24 ತಾಸಿನೊಳಗೆ ಸತ್ತವು. ಅಲ್ಲಿ ಹೂವಿಗೆ ಬರುವ ಜೇನೂ ಕಡಿಮೆಯಿತ್ತು. ಅವುಗಳ ಹೃದಯದ ಬಡಿತದಲ್ಲೇ ವ್ಯತ್ಯಾಸ ಕಂಡಿತು. ನಾವು ಉಸಿರಾಡುವುದೂ ಅದೇ ಗಾಳಿ.

ಊರಲ್ಲಿ ಇಲ್ಲದಿದ್ರೂ ಕಾಡಿದೆಯಲ್ಲ, ಅಲ್ಲಿ ಜೇನಿಗೇನು ತೊಂದರೆ?

ಕಾಡು ದೂರದಿಂದ ಹಸಿರಾಗಿ ಕಂಡರೆ ಸಾಲದು, ಒಳಗೆ ಏನಿದೆ ನೋಡಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಆಳೆತ್ತರ ಬೆಳೆದು ನೆಲ ಮುಚ್ಚಿಬಿಟ್ಟಿದೆ. ಅದರಡಿ ಮರದ ಸಸಿ ಏಳುವುದು ಕಷ್ಟ. ಇವತ್ತಿನ ಹೂಬಿಡುವ ಮರ ಸತ್ತ ಮೇಲೆ ಅದರ ಜಾಗಕ್ಕೆ ಯಾವುದು ಬರುತ್ತದೆ? ಅಲ್ಲಿನ ಸೋಲಿಗರು ಹೇಳುವುದು, ಮೊದಲು ಬೇಸಿಗೆಯ ಆರಂಭದಲ್ಲಿ 'ತರಗು ಬೆಂಕಿ' ಹಾಕುತ್ತಿದ್ದೆವು, ನೆಲದ ತರಗೆಲೆ ಮಾತ್ರ ಸುಟ್ಟು ಹೋಗುತ್ತಿತ್ತು, ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹೆಚ್ಚಿತು ಅಂತ. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ. ಮನುಷ್ಯ ಕೈಯಿಟ್ಟರೆ ಕಾಡು ಹಾಳು, ಕೈ ತೆಗೆದರೆ ಉಳಿಯುತ್ತದೆ ಅಂತ ಸಲೀಸಾಗಿ ಹೇಳುವವರು ಒಮ್ಮೆ ಅಲ್ಲಿನ ಹಿರಿಯರ ಜೊತೆ ಕೂತು ಕೇಳಬೇಕು.

## ಇನ್ನೂ ಆಳಕ್ಕೆ ಹೋಗುವವರಿಗೆ

ಕಾಫಿಗೆ ಜೇನು ಬೇಕೇ ಬೇಕಾ? ನಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಇದೆ, ಹೂವು ಚೆನ್ನಾಗೇ ಬರುತ್ತೆ.

ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಗಾಳಿಯೂ ತರುತ್ತದೆ, ಜೇನು ತಂದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಕೊಡಗಿನಲ್ಲಿ ಈ ಕೆಲಸದಲ್ಲಿ ಮುಂದೆ ಇರುವುದು ಹೆಜ್ಜೇನು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಕಂದುತ್ತದೆ. ಅಷ್ಟರಲ್ಲೇ ಎಲ್ಲ ಆಗಬೇಕು.

ಮಳೆಯನ್ನೇ ನಂಬಿದಾಗ ಸುತ್ತಲಿನ ಎಲ್ಲ ತೋಟವೂ ಒಂದೇ ದಿನ ಅರಳುತ್ತದೆ, ಇರುವ ಜೇನು ಹಂಚಿಹೋಗುತ್ತದೆ. ನಿಮ್ಮ ಹಾಗೆ ನೀರು ಹಾಯಿಸುವವರು ಅಕ್ಕಪಕ್ಕದವರ ಜೊತೆ ಮಾತಾಡಿಕೊಂಡು ಬೇರೆ ಬೇರೆ ದಿನ ಹೂ ಬರಿಸಿದರೆ ಅದೇ ಜೇನು ಎಲ್ಲರಿಗೂ ಸಿಗುತ್ತದೆ. ಇನ್ನೊಂದು ಮಾತು: ಹೆಜ್ಜೇನಿಗೆ ಎತ್ತರದ ಹಳೇ ಮರ ಬೇಕು. ನೆರಳಿಗೆ ಬರೀ ಸಿಲ್ವರ್ ಓಕ್ ಸಾಲು ನಿಲ್ಲಿಸಿ ಅತ್ತಿ, ನೇರಳೆ, ಹೊನ್ನೆ ಕಡಿದವರಿಗೆ ಮರವೂ ಇಲ್ಲ, ವರ್ಷದ ಉಳಿದ ತಿಂಗಳಿಗೆ ಹೂವೂ ಇಲ್ಲ.

ಇಟಾಲಿಯನ್ ಜೇನು ಜಾಸ್ತಿ ತುಪ್ಪ ಕೊಡುತ್ತೆ. ಅದನ್ನೇ ಎಲ್ಲಾ ಕಡೆ ಇಟ್ರೆ ಸಮಸ್ಯೆ ಮುಗೀತಲ್ಲ?

ತುಪ್ಪ ಜಾಸ್ತಿ ನಿಜ. ಸೂರ್ಯಕಾಂತಿಯಂಥ ದೊಡ್ಡ ಬೆಳೆ ಹಿಂದೆ ಲಾರಿಯಲ್ಲಿ ಪೆಟ್ಟಿಗೆ ಹೊತ್ತು ತಿರುಗುವವರಿಗೆ ಅದು ಸರಿ. ಆದರೆ ಅದಕ್ಕೆ ಹೂವೂ ಜಾಸ್ತಿ ಬೇಕು, ಉಪಚಾರವೂ ಜಾಸ್ತಿ ಬೇಕು. ತುಡುವೆ ಇರುವ ಮಲೆನಾಡಿಗೆ ನೂರಾರು ಪೆಟ್ಟಿಗೆ ತಂದು ಇಳಿಸಿದರೆ ಇರುವ ಊಟಕ್ಕೆ ಪೈಪೋಟಿ, ಬಲವಾದದ್ದು ಬಡವಾದದ್ದರ ಪೆಟ್ಟಿಗೆಗೆ ನುಗ್ಗಿ ತುಪ್ಪ ದೋಚುವುದು, ರೋಗದ ವಿನಿಮಯ, ಎಲ್ಲ ಶುರುವಾಗುತ್ತದೆ. ನಮ್ಮ ಮಳೆ, ನಮ್ಮ ಕಣಜ, ನಮ್ಮ ಉಣ್ಣೆ, ನಮ್ಮ ಕಾಡುಹೂವು ಎಲ್ಲವನ್ನೂ ಅರಿತ ಜೇನು ಇರುವಾಗ ಅದನ್ನು ಪಕ್ಕಕ್ಕೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಕಾಡಿನ ಹೆಜ್ಜೇನು ತುಪ್ಪ ತಿಂದ್ರೆ ತಪ್ಪಾ?

ತೆಗೆಯುವ ರೀತಿಯ ಮೇಲೆ ಹೋಗುತ್ತದೆ. ಹೆಜ್ಜೇನಿನ ಎರಿಯಲ್ಲಿ ತುಪ್ಪ ಇರುವುದು ಮೇಲೆ, ಕೊಂಬೆಗೆ ಅಂಟಿದ ಮೂಲೆಯ ದಪ್ಪ ಭಾಗದಲ್ಲಿ. ಕೆಳಗಿನದೆಲ್ಲ ಮರಿ. ಬಲ್ಲವರು ಹಸಿ ಸೊಪ್ಪಿನ ಹೊಗೆ ಕೊಟ್ಟು ತುಪ್ಪದ ಭಾಗವನ್ನಷ್ಟೇ ಕೊಯ್ಯುತ್ತಾರೆ, ಮರಿಯ ಭಾಗ ಬಿಡುತ್ತಾರೆ. ದುಡ್ಡಿನ ಆಸೆಗೆ ಪಂಜು ಹಚ್ಚಿ ಜೇನನ್ನೇ ಸುಟ್ಟು, ಇಡೀ ಎರಿ ಹಿಂಡಿ ಶೋಧಿಸಿದ್ದು ಬೇರೆ. ಅದರಲ್ಲಿ ಮರಿಯ ರಸವೂ ಸೇರಿ ಬೇಗ ಹುಳಿಯುತ್ತದೆ. ಯಾರು ತೆಗೆದರು, ಹೇಗೆ ತೆಗೆದರು ಅಂತ ಕೇಳಿ ಕೊಳ್ಳಿ. ಜೇನು ಕುರುಬರು, ಸೋಲಿಗರು ತಲೆಮಾರುಗಳಿಂದ ತೆಗೆದರೂ ಜೇನು ಇತ್ತು.

ಪೇಟೆಯ ಬಾಟಲಿಯ ಬಗ್ಗೆ: ದೆಹಲಿಯ ಸಿಎಸ್‌ಇ ಎಂಬ ಪರಿಸರ ಸಂಸ್ಥೆ 2020ರಲ್ಲಿ 13 ಬ್ರ್ಯಾಂಡ್‌ಗಳನ್ನು ಪರೀಕ್ಷಿಸಿದಾಗ ಎಲ್ಲ ಪರೀಕ್ಷೆಯಲ್ಲಿ ಪಾಸಾದವು ಮೂರೇ. ಅಕ್ಕಿ ಪಾಕವನ್ನು ತುಪ್ಪವೆಂದು ಅಗ್ಗಕ್ಕೆ ಮಾರಿದರೆ ನಿಜವಾಗಿ ಜೇನು ಸಾಕುವವನು ಬದುಕುವುದು ಹೇಗೆ?

ನಾನೂ ಒಂದು ಪೆಟ್ಟಿಗೆ ಇಟ್ರೆ ಜೇನು ಉಳಿಸಿದ ಹಾಗಾಗುತ್ತಾ? ಅಥವಾ ಬೇರೇನು ಮಾಡಲಿ?

ಪೆಟ್ಟಿಗೆ ಇಡುವುದು ಒಳ್ಳೆಯ ಕೆಲಸ, ಜೇನನ್ನು ಹತ್ತಿರದಿಂದ ನೋಡುವ ಕಣ್ಣು ಬರುತ್ತದೆ. ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನ ಇದೆ, ತರಬೇತಿಯೂ ಸಿಗುತ್ತದೆ, ಕಲಿತೇ ಶುರುಮಾಡಿ. ಆದರೆ ಹೂವಿಲ್ಲದ ಊರಿಗೆ ಪೆಟ್ಟಿಗೆ ತಂದರೆ ಉಪವಾಸಕ್ಕೆ ಇನ್ನೊಂದು ಸಂಸಾರ ತಂದ ಹಾಗೆ. ಮೊದಲು ಹೂವು.

ಒಂದು ಹಳೇ ಕ್ಯಾಲೆಂಡರ್ ತೆಗೆದುಕೊಳ್ಳಿ. ಮನೆಯಿಂದ ಅರ್ಧ ಮೈಲಿ ಸುತ್ತ ಯಾವ ತಿಂಗಳಲ್ಲಿ ಏನು ಹೂವಾಗುತ್ತದೆ ಅಂತ ಒಂದು ವರ್ಷ ಬರೆಯಿರಿ. ಖಾಲಿ ತಿಂಗಳು ಕಾಣುತ್ತದೆ, ಅದೇ ನಿಮ್ಮ ಊರಿನ ಜೇನು ಹಸಿಯುವ ತಿಂಗಳು. ಅದಕ್ಕೆ ಸರಿಯಾದದ್ದು ನೆಡಿ. ಹೊಲವಿದ್ದರೆ ಎರಡು ಸಾಲು ಹುಚ್ಚೆಳ್ಳು, ತೊಗರಿ. ಬೇಲಿಗೆ ಹೊಂಗೆ, ನುಗ್ಗೆ. ಕುಂಡವಿದ್ದರೆ ತುಳಸಿ, ಕದಿರು ಚಿವುಟದೆ ಬಿಡಿ. ಬದುವಿನ ಒಂದು ಪಾಲಿಗೆ ಕಳೆನಾಶಕ ಹೊಡೆಯಬೇಡಿ. ಒಂಟಿ ಜೇನಿಗೆ ಸಿಮೆಂಟ್ ಹಾಕದ ಒಂದು ಚಾಪೆಯಗಲ ನೆಲ, ನಾಲ್ಕು ಒಣ ಕಡ್ಡಿ ಉಳಿಸಿ.

ನಾವು ಹೀಗೆ ಬರೆದಾಗ ನಮಗೆ ಕಂಡ ಖಾಲಿ ತಿಂಗಳು ಆಗಸ್ಟ್. ಕೆಳಗಿನ ತೋಟದ ಅಂಚಿನಲ್ಲಿ ಹತ್ತು ಮಾರು ಜಾಗಕ್ಕೆ ಕತ್ತಿ ಹಾಕುವುದನ್ನು ನಿಲ್ಲಿಸಿದೆವು, ಅಷ್ಟೇ. ನಾಚಿಕೆ ಮುಳ್ಳು ತಾನೇ ಹಬ್ಬಿತು. ಕಳೆದ ಆಗಸ್ಟಿನಲ್ಲಿ ಮಳೆ ಬಿಟ್ಟ ಒಂದು ಬೆಳಗ್ಗೆ ಮೂರನೇ ಪೆಟ್ಟಿಗೆ ಮುಂದೆ ಕೂತಿದ್ದೆ. ಒಳಗೆ ಹೋಗುವ ಹತ್ತು ಜೇನಿನಲ್ಲಿ ನಾಲ್ಕರ ಕಾಲಿಗೆ ಸಾಸಿವೆ ಗಾತ್ರದ ಪರಾಗದ ಉಂಡೆ ಇತ್ತು.